ಹೊಂಬಯ್ಯನ ಸಹಿಯ ಹೂದಾನಿ

ನಾನು ಇನ್ನೂ ಹಲ್ಲುಜ್ಜಿರಲಿಲ್ಲ, ಅಷ್ಟರಲ್ಲಿ ದರ್ಜಿ ಸೂರಪ್ಪ ಬಾಗಿಲಲ್ಲಿ ನಿಂತಿದ್ದ. ಎರಡು ಕೈಯಲ್ಲೂ ಕೌದಿಯ ಗಂಟು. ಹಸುಗೂಸನ್ನು ಮೊದಲ ಸಲ ಎತ್ತಿಕೊಂಡ ಗಂಡಸರು ನಿಲ್ಲುತ್ತಾರಲ್ಲ, ಹಾಗೆ ಮೊಣಕೈ ಬಿಗಿಹಿಡಿದು ನಿಂತಿದ್ದ. ನಮ್ಮ ಊರಿನಲ್ಲಿ ಯಾರಾದರೂ ಹಾಗೆ ನಿಂತರೆ ಏನಾಯಿತು ಎಂದು ಕೇಳಬೇಕಾಗಿಲ್ಲ. ಗಾಜು ಬಿರುಕು ಬಿಟ್ಟಿದೆ, ಯಾರದೋ ಉಸಿರು ಸೋರುತ್ತಿದೆ.

"ಯಾರದ್ದು?" ಎಂದೆ.

"ಅದೇ ಗೊತ್ತಾಗ್ತಿಲ್ಲ ಪದ್ದಕ್ಕ. ಅಂದ್ರೆ, ಗೊತ್ತು. ಆದ್ರೆ ಅವರದ್ದು ಆಗೋಕೆ ಸಾಧ್ಯ ಇಲ್ಲ."

"ಗೊತ್ತು ಅಂದ್ರೆ ಗೊತ್ತು ಅನ್ನು, ಇಲ್ಲ ಅಂದ್ರೆ ಇಲ್ಲ ಅನ್ನು. ಅಡ್ಡಗೋಡೆ ಮೇಲೆ ದೀಪ ಇಡಬೇಡ. ಒಳಗೆ ಬಾ, ಹೊಸ್ತಿಲು ನೋಡ್ಕೊಂಡು."

ಸಹಿ ಓದುವುದು ನನ್ನ ಕೆಲಸ. ನಮ್ಮಲ್ಲಿ ಊದಿ ಮಾಡಿದ ಪ್ರತಿ ಗಾಜಿನ ಬುಡದಲ್ಲೂ ಮಾಡಿದವರ ಸಹಿ ಇರಲೇಬೇಕು, ಏಕೆಂದರೆ ಕುಲುಮೆಯ ಮುಂದೆ ನಿಂತು ಊದಿದವರ ಉಸಿರು ಆ ಪಾತ್ರೆಯಲ್ಲೇ ಉಳಿಯುತ್ತದೆ. ಲೋಟ ಒಡೆದರೆ ಊದಿದವರಿಗೆ ಒಂದೆರಡು ದಿನ ಏದುಸಿರು. ಹೂಜಿ ಒಡೆದರೆ ಹಾಸಿಗೆ. ದೊಡ್ಡ ಹೂದಾನಿ ಒಡೆದ ಮೇಲೆ ಮೊದಲಿನಂತೆ ಓಡಾಡಿದವರು ಕಡಿಮೆ. ಅದಕ್ಕೇ ಬಿರುಕು ಕಂಡ ಕೂಡಲೇ ಸಹಿ ನೋಡಿ, ಮಾಡಿದವರ ಮನೆಗೆ ಓಡಬೇಕು. ಅವರು ಪಾತ್ರೆಯ ಬಾಯಿಗೆ ತುಟಿಯಿಟ್ಟು ತಮ್ಮ ಉಸಿರನ್ನು ಹಿಂದಕ್ಕೆ ಎಳೆದುಕೊಂಡರೆ ಮುಗಿಯಿತು, ಆಮೇಲೆ ಅದು ಬರೀ ಗಾಜು. ನಮ್ಮ ಊರಲ್ಲಿ ಬೆಕ್ಕು ಸಾಕುವವರಿಲ್ಲ. ಬಾಗಿಲುಗಳಿಗೆಲ್ಲ ಬಟ್ಟೆಯ ಅಂಚು ಕಟ್ಟಿರುತ್ತದೆ. ಅತ್ತೆ ಸೊಸೆಗೆ ಜಗಳ ಹತ್ತಿದರೆ ಅಕ್ಕಪಕ್ಕದವರು ಬಂದು ಮೊದಲು ಗೂಡಿನಲ್ಲಿರುವ ಗಾಜನ್ನೆಲ್ಲ ಎತ್ತಿಟ್ಟು, ಆಮೇಲೆ ಜಗಳ ಬಿಡಿಸುತ್ತಾರೆ. ಆದರೆ ಸಹಿಗಳು ಸವೆಯುತ್ತವೆ, ಕೆಲವರ ಸಹಿಯಂತೂ ಕೋಳಿ ಕೆದರಿದ ಹಾಗೆ. ಆಗ ಎಲ್ಲರಿಗೂ ಪದ್ದಕ್ಕ ಬೇಕು. ನನ್ನ ಬಾಯಿ ಸರಿಯಿಲ್ಲ ಎಂದು ಊರೆಲ್ಲ ಹೇಳುತ್ತದೆ, ಕಣ್ಣು ಸರಿಯಿಲ್ಲ ಎಂದು ಇದುವರೆಗೆ ಯಾರೂ ಹೇಳಿಲ್ಲ.

ಹಾಸಿಗೆಯ ಮೇಲಿಟ್ಟು ಕೌದಿ ಬಿಡಿಸಿದೆ. ಮೊಳದುದ್ದದ ಹೂದಾನಿ, ಮಬ್ಬು ನೀಲಿ, ಮೈಸುತ್ತ ಜೇನುಬಣ್ಣದ ಎಳೆ ಬಳ್ಳಿಯಂತೆ ಹತ್ತಿಹೋಗಿತ್ತು. ಬಾಯಂಚಿನಿಂದ ಉಗುರುದ್ದದ ಬಿರುಕು ಇಳಿದಿತ್ತು. ನಿಧಾನವಾಗಿ ತಿರುಗಿಸಿ ಬುಡ ನೋಡಿದೆ. ನೋಡುವುದೂ ಬೇಕಿರಲಿಲ್ಲ. ಊರಿನ ಮಕ್ಕಳೂ ಗುರುತು ಹಿಡಿಯುವ ಸಹಿ ಅದು. ಹೊಂಬಯ್ಯ.

ಹೊಂಬಯ್ಯನಂಥ ಗಾಜುಗಾರ ನಮ್ಮಲ್ಲಿ ಹಿಂದೆ ಹುಟ್ಟಿರಲಿಲ್ಲ. ಅವನು ಸತ್ತು ಅವತ್ತಿಗೆ ಸರಿಯಾಗಿ ಒಂದು ವರ್ಷ.

"ಸತ್ತವರ ಗಾಜು ತಾನೇ ಸೂರಪ್ಪ," ಎಂದೆ. "ಸತ್ತವರ ಗಾಜು ಒಡೆದ್ರೆ ಯಾರಿಗೇನು? ಇದಕ್ಕೆ ಬೆಳಿಗ್ಗೆ ಬೆಳಿಗ್ಗೆ ನನ್ನ ಮನೆಗೆ ಓಡಿ ಬರ್ಬೇಕಿತ್ತಾ?"

"ನಾನೂ ಹಂಗೇ ಅಂದ್ಕೊಂಡೆ ಅಕ್ಕ. ನಮ್ಮ ಮಗಳು ಜಲಜಾಗೆ ನೆಗಡಿ. ಆವಿ ತಗೊಳ್ಳೋಕೆ ಅಂತ ಇದರಲ್ಲೇ ಕುದಿಯೋ ನೀರು ಹುಯ್ದೆ. ಸತ್ತೋರ ಗಾಜಲ್ವಾ, ಏನಾದ್ರೂ ಆಗ್ಲಿ ಅಂತ. ಬಿರುಕು ಬಿಡ್ತಿದ್ದ ಹಾಗೆ ಕೂಗ್ತು."

"ಏನು ಕೂಗ್ತು?"

"ಹೂದಾನಿ ಕೂಗ್ತು ಪದ್ದಕ್ಕ. ಟಿಣ್ ಅಂತ. ನಾನೂ ಕೇಳ್ದೆ, ಅವಳೂ ಕೇಳಿದ್ಳು."

ಬದುಕಿರುವವರ ಗಾಜು ತಟ್ಟಿದರೆ ದನಿ ಕೊಡುತ್ತದೆ. ಊದಿದವರು ಸತ್ತ ಗಳಿಗೆಯಲ್ಲೇ ಅದು ಮೂಕವಾಗುತ್ತದೆ. ಆದರೆ ಸತ್ತವರ ಗಾಜನ್ನು ತಟ್ಟಿ ನೋಡುವುದು ನಮ್ಮಲ್ಲಿ ನಿಷಿದ್ಧ. ಹೆಣವನ್ನು ಹೆಸರು ಹಿಡಿದು ಕೂಗಿದ ಹಾಗೆ ಅದು. ಯಾರೂ ತಟ್ಟುವುದಿಲ್ಲ, ತಟ್ಟಬೇಕಾದ ಅಗತ್ಯವೂ ಬೀಳುವುದಿಲ್ಲ. ನಾನು ಒಂದು ಕ್ಷಣ ಯೋಚಿಸಿ, ಸೂರಪ್ಪನ ಮುಖ ನೋಡಿ, ಉಗುರಿನಿಂದ ಮೆಲ್ಲಗೆ ತಟ್ಟಿದೆ.

ಟಿಣ್ ಎಂದಿತು. ಆ ದನಿ ಕೋಣೆಯಲ್ಲಿ ಬಹಳ ಹೊತ್ತು ಉಳಿಯಿತು.

ಭೂತಗನ್ನಡಿ ತಂದು, ಹೂದಾನಿಯನ್ನು ದಿಂಬಿಗೆ ಒರಗಿಸಿ, ಕಿಟಕಿಯ ಬೆಳಕಿಗೆ ಹಿಡಿದೆ. ಸಹಿ ಖೋಟಾ ಅಲ್ಲ. ಅವನ ಕೈ ಎಲ್ಲಿ ಒತ್ತುತ್ತದೆ, ಎಲ್ಲಿ ಜಾರುತ್ತದೆ ಎಂದು ನನಗೆ ಗೊತ್ತು. ಹಾಗಾಗಿ ಸಹಿಯನ್ನು ಬಿಟ್ಟು ಉಳಿದದ್ದನ್ನು ನೋಡತೊಡಗಿದೆ. ಕೆಂಪಗೆ ಕಾದ ಗಾಜಿನ ಉಂಡೆಯನ್ನು ದುಂಡಗೆ ತಿದ್ದುವುದಕ್ಕೆ ನಮ್ಮವರು ನೀರಿನಲ್ಲಿ ನೆನೆಸಿದ ಮರದ ಸೌಟು ಹಿಡಿಯುತ್ತಾರೆ. ಮರ ಸವರಿದ ಗಾಜು ಬೆಣ್ಣೆಯಂತೆ ನುಣುಪು. ಈ ಹೂದಾನಿಯ ಹೊಟ್ಟೆಯ ಮೇಲೆ, ಕನ್ನಡಿ ಹಿಡಿದರೆ ಮಾತ್ರ ಕಾಣುವಂತೆ, ಅಡ್ಡಕ್ಕೂ ಉದ್ದಕ್ಕೂ ಸಣ್ಣ ಸಣ್ಣ ಗೆರೆಗಳಿದ್ದವು. ಯಾರೋ ಒದ್ದೆ ಬಟ್ಟೆಯ ಮಡಿಕೆಯನ್ನು ಅಂಗೈಯಲ್ಲಿಟ್ಟುಕೊಂಡು ಕಾದ ಗಾಜನ್ನು ಸವರಿದ್ದರು.

"ಕೊಡಿ ಇಲ್ಲಿ," ಎಂದು ಸೂರಪ್ಪ ಕನ್ನಡಿ ಕಿತ್ತುಕೊಂಡ. ಬಟ್ಟೆ ಎಂದು ನಾನು ಗೊಣಗಿದ ಕೂಡಲೇ ದರ್ಜಿಗೆ ಧೈರ್ಯ ಬಂದಿತ್ತು. "ಇದು ಪಂಚೆ ಅಲ್ಲ ಅಕ್ಕ. ಇಲ್ನೋಡಿ, ಇಲ್ಲಿಂದಾಚೆಗೆ ನೇಯ್ಗೆ ಒತ್ತಾಗುತ್ತೆ. ಸೀರೆ ಒಡಲು ಅಂಚಿಗೆ ಕೂಡೋ ಜಾಗ ಇದು."

ನಾನು ನೋಡದೆ ಹೋದದ್ದನ್ನು ಅವನು ನೋಡಿದ. ನನಗೆ ಸ್ವಲ್ಪ ಉರಿಯಿತು, ಸುಳ್ಳೇಕೆ. "ಹಳೇ ಸೀರೆ ಚಿಂದಿ ಯಾವ ಕುಲುಮೆ ಮನೇಲಿಲ್ಲ?" ಎಂದು ಗದರಿದೆ. ಹೆಂಗಸರು ಊದುವ ಪದ್ಧತಿ ನಮ್ಮಲ್ಲಿಲ್ಲ. ಮಕ್ಕಳಿಗೆ ಜೋಗುಳ ಹಾಡಬೇಕಾದವಳು ಉಸಿರನ್ನು ಕಂಡವರ ಮನೆಯ ಗೂಡಿನಲ್ಲಿ ಇಟ್ಟು ಬರಬಾರದು ಎನ್ನುತ್ತಾರೆ. ಹಾಗಾಗಿ ನನ್ನ ತಲೆ ನೇರವಾಗಿ ಹೊಂಬಯ್ಯನ ಶಿಷ್ಯ ತಿರುಮಲನ ಕಡೆಗೆ ಓಡಿತು. ಗುರು ಸಹಿ ಹಾಕಿದ್ದಾನೆ, ಶಿಷ್ಯ ಊದಿದ್ದಾನೆ. ಇದು ಎಲ್ಲ ಕಸುಬಿನಲ್ಲೂ ಇರುವುದೇ.

ಆಗ ನನಗೆ ಇನ್ನೊಂದು ಯೋಚನೆ ಬಂತು. ಅವತ್ತು ವರ್ಷದ ಒಡೆತ. ದೊಡ್ಡ ಗಾಜುಗಾರ ಸತ್ತು ವರ್ಷ ತುಂಬಿದ ದಿನ ಅವನ ಗಾಜನ್ನೆಲ್ಲ ಮನೆಮನೆಯಿಂದ ತಂದು ಒಡೆದು, ಆ ಚೂರುಗಳನ್ನು ಸುರಿದು ಶಿಷ್ಯನ ಕುಲುಮೆ ಹೊತ್ತಿಸುತ್ತಾರೆ. ಹಳೆಯ ಗಾಜು ಬಿದ್ದರೆ ಹೊಸ ಗಾಜು ಬೇಗ ಕರಗುತ್ತದೆ. ಒಡೆಯುವವರು ಮಕ್ಕಳು. ವರ್ಷವಿಡೀ ಮುಟ್ಟಬೇಡ, ಓಡಬೇಡ, ಹುಷಾರು ಎಂದು ಬೈಸಿಕೊಂಡ ಮಕ್ಕಳಿಗೆ ಅದೊಂದು ದಿನ ಕೈಯಲ್ಲಿ ಮರದ ಸುತ್ತಿಗೆ ಕೊಡುತ್ತೇವೆ. ಹೊತ್ತು ನೆತ್ತಿಗೆ ಬಂದಾಗ ಶುರು. ಈ ಹೂದಾನಿಯಂಥವು ಹೊಂಬಯ್ಯನ ಸಹಿ ಹೊತ್ತು ಇನ್ನೆಷ್ಟಿವೆಯೋ. ಅವೆಲ್ಲ ಒಟ್ಟಿಗೆ ಒಡೆದರೆ, ಊದಿದವರು ಯಾರೇ ಆಗಿರಲಿ, ನಿಂತಲ್ಲೇ ಸಾಯುತ್ತಾರೆ.

"ಎತ್ಕೋ ಹೂದಾನಿ," ಎಂದೆ. "ಓಡಬೇಡ. ಆದ್ರೆ ಬೇಗ ನಡಿ."

ಕುಲುಮೆ ಮನೆ ಇರುವುದು ಹೊಂಬಯ್ಯನ ಮನೆಯ ಹಿತ್ತಲಿನಲ್ಲೇ. ಅಂಗಳದ ತುಂಬ ಈಚಲು ಚಾಪೆ ಹಾಸಿ, ಹೂದಾನಿ, ಹೂಜಿ, ಬೋಗುಣಿಗಳನ್ನು ಸಾಲಾಗಿ ಜೋಡಿಸಿದ್ದರು. ಒಂದೊಂದರ ಬುಡದಲ್ಲೂ ಅದೇ ಸಹಿ. ಜನ ಆಗಲೇ ಸೇರುತ್ತಿದ್ದರು. ಮಕ್ಕಳು ಸುತ್ತಿಗೆ ಹಿಡಿದು ಯಾರು ಯಾವುದನ್ನು ಒಡೆಯಬೇಕೆಂದು ಕಿತ್ತಾಡುತ್ತಿದ್ದರು. ತಿರುಮಲ ಹೊಸ ಪಂಚೆ ಉಟ್ಟು, ಉಪವಾಸವಿದ್ದ ಮುಖ ಹೊತ್ತು, ಕುಲುಮೆಯ ಬಾಯಲ್ಲಿ ಸೌದೆ ಜೋಡಿಸುತ್ತಿದ್ದ. ತಲೆ ಅರ್ಧ ನೆರೆತಿದ್ದರೂ ಅವನನ್ನು ಎಲ್ಲರೂ ಇನ್ನೂ ಹೊಂಬಯ್ಯನ ಹುಡುಗ ಎಂದೇ ಕರೆಯುತ್ತಿದ್ದರು. ಅವತ್ತಿನಿಂದ ಅವನಿಗೆ ಸ್ವಂತ ಹೆಸರು ಬರುವುದಿತ್ತು.

"ತಿರುಮಲ, ಒಡೆತ ನಿಲ್ಸು," ಎಂದೆ.

"ಏನಕ್ಕ, ಇವತ್ತೂ ತಮಾಷೆನಾ?"

"ನನ್ನ ಮುಖ ನೋಡಿದ್ರೆ ತಮಾಷೆ ಥರ ಕಾಣುತ್ತಾ?"

ಅವನನ್ನು ಕುಲುಮೆ ಮನೆಯ ಒಳಗೆ ಕರೆದು ಹೂದಾನಿ ತೋರಿಸಿದೆ. ತಟ್ಟಲು ಬೆರಳೆತ್ತಿದಾಗ ಅವನು ನನ್ನ ಮಣಿಕಟ್ಟು ಹಿಡಿದುಕೊಂಡ. "ಗುರುಗಳ ಗಾಜು ಅದು! ಇವತ್ತು ತಟ್ತೀರಾ?" ಎಂದ. ಇನ್ನೊಂದು ಕೈಯಿಂದ ತಟ್ಟಿದೆ. ದನಿ ಕೇಳಿದ ಮೇಲೆ ಅವನ ಹಿಡಿತ ತಾನಾಗಿಯೇ ಸಡಿಲವಾಯಿತು.

"ಬಟ್ಟೆಯಲ್ಲಿ ಸವರಿದ್ದಾರೆ. ನೀನು ಯಾವತ್ತಾದ್ರೂ ಸೌಟು ಬಿಟ್ಟು ಬಟ್ಟೆ ಹಿಡಿದಿದ್ಯಾ? ಸರಿಯಾಗಿ ಯೋಚಿಸಿ ಹೇಳು."

ಅವನು ಯೋಚಿಸಲಿಲ್ಲ. ಅವನ ಕಣ್ಣು ಆ ಬಳ್ಳಿಯ ಮೇಲೆ, ಆ ನೀಲಿಯ ಮೇಲೆ ಓಡಾಡುತ್ತಿತ್ತು. "ನಂದೇ ಇರ್ಬೇಕು," ಎಂದ. "ಗುರುಗಳು ನನ್ನ ಕೈಲಿ ಎಷ್ಟೋ ಶುರು ಮಾಡಿಸಿ, ಆಮೇಲೆ ನನ್ನ ಆಚೆ ಕಳಿಸ್ತಿದ್ರು. ಬಾಗಿಲು ಹಾಕ್ಕೊಂಡು ತಾವೇ ಮುಗಿಸ್ತಿದ್ರು. ನಂದೇ, ಪದ್ದಕ್ಕ." ದನಿಯಲ್ಲಿ ಹೆದರಿಕೆಗಿಂತ ಆಸೆ ಜಾಸ್ತಿಯಿತ್ತು. ಹೊಂಬಯ್ಯನ ಹೆಸರು ಹೊತ್ತ ಅಂಥ ಹೂದಾನಿ ತನ್ನದಾಗಿದ್ದರೆ ಎಂದು ಆ ಮನುಷ್ಯ ಪ್ರಾರ್ಥಿಸುತ್ತಿದ್ದ. ನನಗೆ ಪಾಪ ಎನಿಸಿತು, ಭಯವೂ ಆಯಿತು.

"ಇರ್ಬೇಕು ಅಂದ್ರೆ ಸಾಲ್ದು. ನಿಂದಲ್ಲದ್ದನ್ನ ಎಳೆದ್ರೆ ಏನಾಗುತ್ತೆ ಗೊತ್ತಲ್ಲ? ಬಿರುಕು ಹಾರುತ್ತೆ, ಇರೋ ಉಸಿರೂ ಗಾಳಿಗೆ ಹೋಗುತ್ತೆ."

"ಒಂದೇ ಸಲ," ಎಂದ. ನಾನು ತಡೆಯುವಷ್ಟರಲ್ಲಿ ಹೂದಾನಿಯ ಬಾಯಿಗೆ ತುಟಿಯಿಟ್ಟು ಎಳೆದೇಬಿಟ್ಟ.

ಚಿಟ್ ಎಂದಿತು. ಉಗುರುದ್ದದ ಬಿರುಕು ಸೀದಾ ಹೊಟ್ಟೆಯವರೆಗೆ ಇಳಿಯಿತು. ತಿರುಮಲ ಬಾಯಿ ತೆಗೆದು ಬಿಳಿಚಿಕೊಂಡು ನಿಂತ. ಅವನ ಎದೆಗೆ ಏನೂ ಬಂದಿರಲಿಲ್ಲ. ಅದೇ ಗಳಿಗೆಗೆ ಆಚೆಯ ಮನೆಯೊಳಗೆ, ಅಡುಗೆಕೋಣೆಯಲ್ಲಿ, ತಟ್ಟೆ ಬಿದ್ದ ಸದ್ದು. ಅದರ ಹಿಂದೆಯೇ ಮನುಷ್ಯರು ಬಿದ್ದ ಸದ್ದು.

ಒಳಗೆ ಹೋಗಿ ನೋಡಿದರೆ, ಹೊಂಬಯ್ಯನ ಹೆಂಡತಿ ಚೆನ್ನಾಜಮ್ಮ ಒಲೆಯ ಪಕ್ಕ ಒರಗಿಕೊಂಡಿದ್ದಳು. ಗಂಡನ ಎಡೆಗೆಂದು ವಡೆ ತಟ್ಟುತ್ತಿದ್ದವಳು. ತುಟಿ ನೇರಳೆಯಾಗಿತ್ತು, ಎದೆ ಏಳುತ್ತಿತ್ತೇ ಹೊರತು ಗಾಳಿ ಒಳಗೆ ಹೋಗುತ್ತಿರಲಿಲ್ಲ. ಒಂದು ವರ್ಷದಿಂದ ಅವಳಿಗೆ ಹೀಗೆ. ಹೆಣದ ಮುಂದೆ ಸತ್ತವರದೇ ಒಂದು ದೊಡ್ಡ ಹೂಜಿ ಒಡೆಯುವುದು ನಮ್ಮ ಪದ್ಧತಿ. ಅವತ್ತು ಅದನ್ನು ಒಡೆದಾಗಲೇ ಇವಳು ಕುಸಿದಿದ್ದಳು. ಆಮೇಲೆ ತಿಂಗಳಿಗೊಮ್ಮೆ, ಕೆಲವು ಸಲ ವಾರಕ್ಕೆರಡು ಸಲ, ಇದ್ದಕ್ಕಿದ್ದಂತೆ ಉಸಿರು ಕಟ್ಟುತ್ತಿತ್ತು. ಗಂಡ ಹೋದ ಕೊರಗು ಎಂದು ವೈದ್ಯರು ಹೇಳಿದರು, ನಾವೂ ಹೌದೆಂದೆವು. ಆ ಒಂದು ವರ್ಷ ನಮ್ಮ ನಮ್ಮ ಮನೆಗಳಲ್ಲಿ ಏನು ನಡೆಯುತ್ತಿತ್ತು ಎಂದು ಯಾರೂ ಯೋಚಿಸಲಿಲ್ಲ. ಸತ್ತವನ ಗಾಜಲ್ಲವೇ ಎಂದು ಅದರಲ್ಲಿ ಕುದಿನೀರು ಹುಯ್ದೆವು, ಮಕ್ಕಳ ಕೈಗೆ ಆಡಲು ಕೊಟ್ಟೆವು.

ಅವಳ ಬಲಗೈಯಲ್ಲಿ ಬಾಣಲೆ ಇಳಿಸುವ ಬಟ್ಟೆ ಇತ್ತು. ಹಳೆಯ ಸೀರೆ, ನೀರಿನಲ್ಲಿ ಅದ್ದಿ, ಅಂಗೈಯಗಲಕ್ಕೆ ದಪ್ಪಗೆ ಮಡಿಸಿದ್ದು. ಬಿದ್ದಾಗಲೂ ಅವಳು ಅದನ್ನು ಬಿಟ್ಟಿರಲಿಲ್ಲ.

ಹೂದಾನಿ ಎತ್ತಿಕೊಂಡು ನನ್ನ ಹಿಂದೆಯೇ ಬಂದಿದ್ದ ಸೂರಪ್ಪನ ಕೈಯಿಂದ ಅದನ್ನು ತೆಗೆದುಕೊಂಡು, ಅವನನ್ನು ಬಾಗಿಲಾಚೆ ನೂಕಿ, ಅವಳ ಬಾಯಿಗೆ ಹಿಡಿದೆ. "ಎಳ್ಕೋ ಚೆನ್ನಾಜಕ್ಕ. ಮಾತು ಆಮೇಲೆ."

ಅವಳು ಕಷಾಯ ಒಲ್ಲದ ಮಗುವಿನಂತೆ ಮುಖ ತಿರುಗಿಸಿದಳು. "ನಂದಲ್ಲ."

"ನನ್ನ ಹತ್ರ ಬೇಡ. ನಿನ್ನ ಕೈಯಲ್ಲಿರೋ ಬಟ್ಟೆ ನೇಯ್ಗೆ ಇದರ ಹೊಟ್ಟೆ ಮೇಲಿದೆ."

ಅವಳು ಬಟ್ಟೆಯನ್ನು ನೋಡಿದಳು. ಆಮೇಲೆ ಎರಡು ಮಾತಿಗೊಮ್ಮೆ ನಿಂತು, ಉಸಿರು ಹುಡುಕಿಕೊಂಡು ಹೇಳಿದಳು. "ನಮ್ಮ ಮದುವೆ ಆದ ವರ್ಷ ಭೂಮಿ ನಡುಗ್ತಲ್ಲ ಪದ್ದು. ಅವರು ಅಲ್ಲೀವರೆಗೂ ಮಾಡಿದ್ದೆಲ್ಲ ಒಂದೇ ದಿನ ಬಿದ್ದು ಹೋಯ್ತು. ಜೀವ ಉಳೀತು. ಆದ್ರೆ ಒಂದು ಲೋಟ ಊದೋಕೂ ಉಸಿರಿರ್ಲಿಲ್ಲ. ತಲೇಲಿ ಮಾತ್ರ ಎಲ್ಲ ಇತ್ತು. ಆ ಬಣ್ಣ, ಆ ಬಳ್ಳಿ. ರಾತ್ರಿಯೆಲ್ಲ ಗೋಡೆ ಮೇಲೆ ಇದ್ದಿಲಲ್ಲಿ ಬರೆದು ಬರೆದು ಒರೆಸ್ತಿದ್ರು. ಅದನ್ನ ನೋಡೋಕಾಗ್ಲಿಲ್ಲ ನಂಗೆ."

"ನೀನು ಊದಿದೆ."

"ಹೊಟ್ಟೆ ನಾನು ಊದ್ತಿದ್ದೆ. ಮಿಕ್ಕಿದ್ದೆಲ್ಲ ಅವರೇ."

"ಸರಿ. ಈಗ ಎಳ್ಕೋ. ಆಮೇಲೆ ಹೊರಗೆ ಹೋಗಿ ಒಡೆತ ನಿಲ್ಸೋಣ."

ಅವಳು ನನ್ನ ಕೈ ಹಿಡಿದಳು. ಆ ನಿತ್ರಾಣದಲ್ಲೂ ಹಿಡಿತ ಬಿಗಿಯಾಗಿತ್ತು. "ಹೇಳ್ಬೇಡ. ಹೇಳಿದ್ರೆ ಅವರನ್ನ ಕಳ್ಳ ಅಂತಾರೆ. ವರ್ಷದ ದಿನ, ಎಡೆ ಇಡೋ ದಿನ. ಅವರಿಗೆ ಉಳಿದಿರೋದು ಆ ಸಹಿ ಒಂದೇ."

"ಹೇಳ್ದಿದ್ರೆ ನೀನು ಸಾಯ್ತೀಯ."

"ಸಾಯ್ತೀನಿ," ಎಂದಳು. ಮನೆಯಲ್ಲಿ ಉಪ್ಪು ಮುಗಿದಿದೆ ಎನ್ನುವ ಹಾಗೆ ಹೇಳಿದಳು.

ನನಗೆ ಎಲ್ಲಿಲ್ಲದ ಸಿಟ್ಟು ಬಂತು. ಸತ್ತವನ ಮೇಲೆ, ಇವಳ ಮೇಲೆ, ಹೊರಗೆ ಕಿಲಕಿಲ ನಗುತ್ತಿದ್ದ ಮಕ್ಕಳ ಮೇಲೆ ಕೂಡ. ಒಂದು ಹೆಣ್ಣು ಜೀವಮಾನವಿಡೀ ಮುಚ್ಚಿದ ಬಾಗಿಲ ಹಿಂದೆ ನಿಂತು ಊದಿದ್ದು ಸಾಲದೆಂದು ಈಗ ಅದೇ ಬಾಗಿಲ ಹಿಂದೆ ಸದ್ದಿಲ್ಲದೆ ಸಾಯಲು ಹೊರಟಿದ್ದಾಳೆ, ನಾನು ಅದಕ್ಕೆ ಕಾವಲು ಕೂರಬೇಕು! ಹಾಗೆಂದು ಬಾಯಿಬಿಡುವಷ್ಟರಲ್ಲಿ ಅಂಗಳದಲ್ಲಿ ತಮಟೆ ಶುರುವಾಯಿತು. ತಿರುಮಲ ಇನ್ನೂ ಕುಲುಮೆ ಮನೆಯಿಂದ ಹೊರಗೆ ಬಂದಿರಲಿಲ್ಲ, ಯಾರಿಗೂ ಏನೂ ಹೇಳಿರಲಿಲ್ಲ. ಹೊತ್ತು ಇನ್ನೂ ನೆತ್ತಿಗೆ ಬಂದಿರಲಿಲ್ಲ. ಯಾವುದೋ ಅವಸರದ ಮಗು ಕಾಯದೆ ಒಂದೇಟು ಹಾಕಿತು. ಫಳ್ ಎಂದು ಏನೋ ಒಡೆಯಿತು, ಹೊರಗೆ ಎಲ್ಲರೂ ನಕ್ಕರು. ಇಲ್ಲಿ ಚೆನ್ನಾಜಮ್ಮನ ಬೆನ್ನು ಬಿಲ್ಲಿನಂತೆ ಬಾಗಿತು. ಕಣ್ಣು ಮೇಲಕ್ಕೆ ಹೋದವು. ಗಂಟಲಿನಿಂದ ಬಂದ ಸದ್ದನ್ನು ನಾನು ಸಾಯುವವರೆಗೂ ಮರೆಯುವುದಿಲ್ಲ.

ಅವಳ ಬೆನ್ನು ನೀವಿ ಗೋಡೆಗೆ ಒರಗಿಸಿದೆ. ಹೂದಾನಿಯನ್ನು ಮಡಿಲಲ್ಲಿಟ್ಟೆ. "ಇದನ್ನ ಎಳ್ಕೊಳ್ಳೋದು ಬಿಡೋದು ನಿನ್ನಿಷ್ಟ," ಎಂದೆ. "ನಾನು ಹೊರಗೆ ಹೋಗಿ ಹೇಳೋಳೇ. ನನ್ನ ಬಾಯಿ ಎಂಥದ್ದು ಅಂತ ನಿಂಗೆ ಗೊತ್ತು. ನಿನ್ನ ಗಂಡನ ಬಗ್ಗೆ ನಯವಾಗಿ ಮಾತ್ರ ಹೇಳಲ್ಲ."

ನನ್ನ ಮಂಡಿ ಹಿಡಿದುಕೊಂಡು ಎಷ್ಟೋ ಕಾಲವಾಗಿದೆ. ಅವತ್ತು ಓಡಿದೆ. ಚಾಪೆಯ ಮೇಲೆ ಹೋಗಿ ಗಾಜಿನ ಸಾಲಿಗೂ ಮಕ್ಕಳಿಗೂ ನಡುವೆ ನಿಂತು ಕೂಗಿದೆ. ತಮಟೆಯ ಮುಂದೆ ನನ್ನ ಗಂಟಲು ಎಷ್ಟರದು? ಪದ್ದಕ್ಕನಿಗೆ ಮೈಮೇಲೆ ಬಂತು ಎಂದು ಯಾರೋ ಅಂದರು. ಒಬ್ಬ ಹುಡುಗ ನನ್ನ ಸೊಂಟದ ಪಕ್ಕದಿಂದಲೇ ಸುತ್ತಿಗೆ ಎತ್ತಿದ. ಅದನ್ನು ಕಿತ್ತುಕೊಂಡು ದೂರ ಎಸೆದೆ. ಆಮೇಲೆ ಬಗ್ಗಿ, ನಮ್ಮೂರಲ್ಲಿ ಯಾರೂ ಮಾಡದ ಕೆಲಸ ಮಾಡಿದೆ. ನನ್ನ ಬೆರಳಿನ ಉಂಗುರದಿಂದ ಸತ್ತವನ ಗಾಜನ್ನು ತಟ್ಟಿದೆ. ಒಂದಲ್ಲ, ಸಾಲು ಹಿಡಿದು ಒಂದಾದ ಮೇಲೊಂದು ತಟ್ಟುತ್ತ ಹೋದೆ. ಒಂದೊಂದೂ ಕೂಗಿತು. ದೊಡ್ಡವು ದಪ್ಪ ದನಿಯಲ್ಲಿ, ಸಣ್ಣವು ಕೀರಲಾಗಿ.

ತಮಟೆ ನಿಂತಿತು. ಸುತ್ತಿಗೆಗಳು ತಾವಾಗಿಯೇ ಕೆಳಗಿಳಿದವು. ಜನರ ಮುಖ ನೋಡಿದರೆ, ಒಬ್ಬೊಬ್ಬರೂ ತಮ್ಮ ಮನೆಯಲ್ಲಿ ಈ ವರ್ಷ ಒಡೆದದ್ದನ್ನು ನೆನೆಸಿಕೊಳ್ಳುತ್ತಿದ್ದಾರೆ ಎಂದು ತಿಳಿಯುತ್ತಿತ್ತು. ಹಿಂದೆ ನಿಂತಿದ್ದ ಮುದುಕಿಯೊಬ್ಬಳು "ಅಯ್ಯೋ, ನಮ್ಮನೆ ಹೂಜಿ" ಎಂದು ಬಾಯಿಗೆ ಸೆರಗು ಹಿಡಿದುಕೊಂಡಳು.

"ಯಾರದ್ದು ಇವೆಲ್ಲ?" ಕುಲುಮೆ ಮನೆಯಿಂದ ಹೊರಗೆ ಬಂದು ತಿರುಮಲ ಕೇಳಿದ. ಗುರುವಿನದಲ್ಲ, ತನ್ನದೂ ಅಲ್ಲ ಎಂದು ಅವನಿಗೆ ಆಗಲೇ ಗೊತ್ತಾಗಿತ್ತು. ಕೇಳುವಾಗ ನನ್ನ ಕಡೆ ನೋಡಲಿಲ್ಲ.

"ಹೇಳ್ತೀನಿ ಕೇಳಿ," ಎಂದು ಸೊಂಟಕ್ಕೆ ಸೆರಗು ಸಿಕ್ಕಿಸಿದೆ. "ನಿಮ್ಮ ದೊಡ್ಡ ಮನುಷ್ಯ ಹೊಂಬಯ್ಯ..."

"ಪದ್ದು, ಬಾಯಿ ಮುಚ್ಚು."

ಬಾಗಿಲ ಚೌಕಟ್ಟು ಹಿಡಿದು ಚೆನ್ನಾಜಮ್ಮ ನಿಂತಿದ್ದಳು. ಬೀಳುತ್ತಾಳೆಂದು ಸೂರಪ್ಪ ಕೈ ಚಾಚಿದ, ಅದನ್ನು ತಳ್ಳಿದಳು. ಬಿರುಕುಬಿಟ್ಟ ಹೂದಾನಿಯನ್ನು ಎರಡೂ ಕೈಯಲ್ಲಿ ಎತ್ತಿ, ಊರಿನವರ ಕಣ್ಣೆದುರಿಗೆ ಅದರ ಬಾಯಿಗೆ ತುಟಿಯಿಟ್ಟಳು. ಎಳೆದಳು. ಎಳೆಯುತ್ತಲೇ ಇದ್ದಳು. ಬಿರುಕು ಒಂದು ಕೂದಲೆಳೆಯೂ ಮುಂದಕ್ಕೆ ಹೋಗಲಿಲ್ಲ. ಅವಳ ತುಟಿಯ ನೇರಳೆ ಕಳೆದು ನಸುಗೆಂಪು ಬಂತು, ಬಾಗಿದ್ದ ಬೆನ್ನು ನೆಟ್ಟಗಾಯಿತು. ಹೂದಾನಿ ಕೆಳಗಿಟ್ಟು ಮಾತನಾಡಿದಾಗ ಆ ದನಿಗೆ ಜನ ಬೆಚ್ಚಿದರು. ವರ್ಷದಿಂದ ಅವಳ ಪಿಸುಮಾತನ್ನೇ ಕೇಳಿದ್ದೆವು.

"ನಂದು," ಎಂದಳು. "ಇವಳು ಹೇಳಿದ್ರೆ ಕೆಡಿಸ್ತಾಳೆ, ಅದಕ್ಕೆ ನಾನೇ ಹೇಳ್ತೀನಿ. ಉಸಿರು ನಂದು. ಬಣ್ಣ ಅವರದು, ಬಳ್ಳಿ ಅವರದು, ಬಾಯಂಚು ತಿದ್ದಿದ್ದು ಅವರು. ಇದು ಹಿಂಗಿರ್ಬೇಕು ಅಂತ ಮೊದಲು ಕಂಡೋರು ಅವರು. ಅವರಿಲ್ದಿದ್ರೆ ನಾನು ಊದೋದು ಬರೀ ಗುಳ್ಳೆ."

"ಹಂಗಾದ್ರೆ ಸಹಿ?" ಗುಂಪಿನಿಂದ ಒಬ್ಬ ಕೇಳಿದ.

"ಎರಡು ಹೆಸರು ಹಾಕ್ತೀನಿ ಅಂತ ಅವರು ಕೂತ್ರು. ಬೇಡ ಅಂದೋಳು ನಾನು. ಹೆಂಗಸು ಊದಿದ್ದು ಅಂದಿದ್ರೆ ನೀವು ಮನೆಯೊಳಗೆ ಇಟ್ಕೊಳ್ತಿದ್ರಾ? ನೀನು ಇಟ್ಕೊಳ್ತಿದ್ಯಾ?"

ಕೇಳಿದವನು ಪಕ್ಕದವನ ಹಿಂದೆ ಸರಿದ. ಅವಳು ಒಬ್ಬೊಬ್ಬರ ಮುಖವನ್ನೂ ನೋಡಿದಳು, ಬೈಯಲಿಲ್ಲ. ಬೈದಿದ್ದರೆ ಎಲ್ಲರಿಗೂ ಹಗುರಾಗುತ್ತಿತ್ತು. ತಿರುಮಲ ಮಾತ್ರ ಹೊಸ ಪಂಚೆಯಲ್ಲೇ ನೆಲಕ್ಕೆ ಮಂಡಿಯೂರಿ, ಸಾಲಿನ ಮೊದಲ ಹೂಜಿ ಎತ್ತಿಕೊಂಡು ಅವಳ ಮುಂದೆ ಹಿಡಿದ. "ಅಮ್ಮಾ, ತಗೊಳ್ಳಿ," ಎಂದ. ಅವನ ಗಲ್ಲದ ಮೇಲೆ ನೀರು ಇಳಿಯುತ್ತಿತ್ತು. ಇಷ್ಟು ವರ್ಷ ಅದೇ ಅಂಗಳದಲ್ಲಿ ಅವಳ ಕೈಯಡುಗೆ ಉಂಡು, ಮುಚ್ಚಿದ ಬಾಗಿಲ ಆಚೆಗೆ ಕುಳಿತಿದ್ದವನು ಅವನು.

ಅವಳು ಚಾಪೆಯ ಮೇಲೆ ಕುಳಿತು ಒಂದೊಂದನ್ನೇ ಎಳೆದುಕೊಂಡಳು. ಮುಗಿದದ್ದನ್ನು ನಾನು ಪಕ್ಕಕ್ಕಿಡುತ್ತಿದ್ದೆ. ಜನ ಕದಲಲಿಲ್ಲ, ಮಕ್ಕಳೂ ಕುಕ್ಕರಗಾಲಲ್ಲಿ ಕುಳಿತರು. ಕೆಲವರು ಎದ್ದು ಮನೆಗೆ ಹೋಗಿ, ತರದೆ ಉಳಿಸಿಕೊಂಡಿದ್ದ ಸಣ್ಣಪುಟ್ಟ ಲೋಟಗಳನ್ನು ಮಡಿಲಲ್ಲಿ ಕಟ್ಟಿಕೊಂಡು ತಂದರು. ಒಡೆದು ಹೋದವುಗಳ ಉಸಿರು ಹೋಗಿಯೇ ಹೋಗಿತ್ತು, ಅದಕ್ಕೆ ಯಾರೂ ಏನೂ ಮಾಡುವ ಹಾಗಿರಲಿಲ್ಲ. ಇದ್ದಷ್ಟೇ ಅವಳಿಗೆ ಸಾಕಾಗುವುದೋ ಇಲ್ಲವೋ ಎಂದು ನಾನು ಅವಳ ಕುತ್ತಿಗೆಯ ನರವನ್ನೇ ನೋಡುತ್ತಿದ್ದೆ. ಪ್ರತಿ ಸಲವೂ ಅವಳ ಭುಜ ಸ್ವಲ್ಪ ಅಗಲವಾಗುತ್ತಿತ್ತು.

ಸಾಲಿನ ಕೊನೆಗೆ ಬಂದಾಗ ಅವಳು ನಿಂತಳು. ಕೈಯಲ್ಲಿದ್ದದ್ದು ಗೇಣುದ್ದದ ಹೂದಾನಿ. ನನ್ನ ಉಂಗುರ ಅಲ್ಲಿಯವರೆಗೆ ಹೋಗಿರಲಿಲ್ಲ. ಒಂದು ಕಡೆಗೆ ವಾಲಿದ್ದ, ಮೈಯಲ್ಲಿ ಗುಳ್ಳೆಗಳಿದ್ದ, ಹೊಸಬರು ಮಾಡುವಂಥ ಹೂದಾನಿ. ತುಟಿಯಿಟ್ಟು ಎಳೆದಳು. ಮತ್ತೆ ಎಳೆದಳು. ತೆಗೆದು ತಿರುಗಿಸಿ ನೋಡಿದಳು.

"ಇದು ನಂದಲ್ಲ," ಎಂದಳು.

ಅವಳೇ ಬೆರಳಿನ ಗೆಣ್ಣಿನಿಂದ ತಟ್ಟಿದಳು. ಟಪ್ ಎಂದಿತು, ಹಲಗೆಯ ಮೇಲೆ ಕಲ್ಲು ಬಿದ್ದ ಹಾಗೆ. ಭೂಮಿ ನಡುಗಿದ ದಿನ ಯಾರ ಮನೆಯ ಮೂಲೆಯಲ್ಲೋ ಉಳಿದುಕೊಂಡದ್ದು ಅದೊಂದೇ ಇರಬೇಕು. ಹೊಂಬಯ್ಯ ತಾನೇ ಊದಿದ್ದು. ಅವಳು ಅದನ್ನು ಎದೆಗೊತ್ತಿಕೊಂಡು ಕುಳಿತಳು.

ಹೊತ್ತು ನೆತ್ತಿಗೆ ಬಂದಿತ್ತು. ಕುಲುಮೆಯ ಬಾಯಲ್ಲಿ ಸೌದೆ ಕಾಯುತ್ತಿತ್ತು, ಸತ್ತವನ ಗಾಜು ಬೀಳದೆ ಅದನ್ನು ಹೊತ್ತಿಸುವ ಹಾಗಿಲ್ಲ. ತಿರುಮಲ ಕೇಳಲಿಲ್ಲ. ಕೇಳುವ ಧೈರ್ಯ ಯಾರಿಗಿತ್ತು? ನಾನೇ "ಇಟ್ಕೋ ಚೆನ್ನಾಜಕ್ಕ, ಇದೊಂದನ್ನ ಇಟ್ಕೋ" ಎಂದೆ. ಅವಳು ಬೇಡವೆಂದು ತಲೆಯಾಡಿಸಿದಳು. ಹೂದಾನಿಯನ್ನು ಚಾಪೆಯ ನಡುವೆ ಇಟ್ಟು, ಅದರ ವಾಲಿದ ಮೈಯನ್ನು ಒಮ್ಮೆ ಸವರಿ, ಸುತ್ತಿಗೆಯೊಂದನ್ನು ತಿರುಮಲನ ಕಡೆಗೆ ಸರಿಸಿದಳು.

"ಒಡಿ ಮಗ. ಅವರ ಗಾಜೇ ನಿನ್ನ ಕುಲುಮೆಗೆ ಬೀಳ್ಲಿ."

ಅವನು ಕಣ್ಣುಮುಚ್ಚಿ ಹೊಡೆದ. ಅದು ಒಡೆದಾಗ ಹೆಚ್ಚು ಸದ್ದಾಗಲಿಲ್ಲ.

ಹೊಂಬಯ್ಯನ ಹೆಣ ಎತ್ತಿದ ದಿನ ಚೆನ್ನಾಜಮ್ಮ ಅತ್ತಿರಲಿಲ್ಲ. ಕಲ್ಲು ಹೆಂಗಸು ಎಂದವರೂ ಇದ್ದರು. ಅಳುವುದಕ್ಕೆ ಉಸಿರು ಬೇಕು, ಅದನ್ನು ಹೆಣದ ಮುಂದೆ ನಾವೇ ಒಡೆದಿದ್ದೆವು. ಈಗ ಅವಳ ಎದೆ ತುಂಬಿತ್ತು. ಚಾಪೆಯ ಮೇಲೆ ಕಾಲು ಚಾಚಿ, ಚೂರುಗಳ ಕಡೆ ಕೈ ನೀಡಿ, ಗಂಡನನ್ನು ಕರೆದು ಅತ್ತಳು. ನನ್ನ ಒಬ್ಬಳನ್ನೇ ಬಿಟ್ಟು ಹೋದ್ಯಲ್ಲೋ ಎಂದು, ನಾನು ಊದಿದ್ದು ಯಾರಿಗೋಸ್ಕರ ಎಂದು, ಹಾಡಿ ಹಾಡಿ, ಊರ ಕೊನೆಯ ಮನೆಗೂ ಕೇಳುವಂತೆ ಅತ್ತಳು. ನಾಲ್ಕು ಹೆಂಗಸರು ಸಮಾಧಾನ ಮಾಡಲು ಎದ್ದರು. "ಬಿಡ್ರೇ, ಅಳ್ಲಿ," ಎಂದು ನಾನು ಅವರನ್ನು ಕೂರಿಸಿದೆ. ಕುಲುಮೆ ಹೊತ್ತಿ ಗಾಜು ಕರಗುವವರೆಗೂ ಅವಳು ಅಳುತ್ತಲೇ ಇದ್ದಳು, ಒಂದು ಸಲವೂ ಏದುಸಿರು ಬಿಡಲಿಲ್ಲ.